ನೆರಳಿಲ್ಲದ ದಿನ ಬಿದ್ದ ನೆರಳು

ಈ ಪ್ರಸಂಗವನ್ನು ನಾನು ಹಲವು ಕಡೆ ಹೇಳಿದ್ದೇನೆ. ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ಮೌಲ್ಯಮಾಪನಕ್ಕೆಂದು ಬೇರೆ ಊರಿಗೆ ಹೋದಾಗ ಊಟದ ಸಾಲಿನಲ್ಲಿ. ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ. ನಕ್ಕರೆಂದು ಮತ್ತೆ ಹೇಳಿದ್ದೇನೆ. ಹೀಗೆ ಹೇಳಿ ಹೇಳಿ ಅದರಲ್ಲಿ ನನ್ನ ಪಾತ್ರ ಸ್ವಲ್ಪಸ್ವಲ್ಪವೇ ಚೆನ್ನಾಗುತ್ತ ಬಂದಿದೆ ಎಂಬುದು ಹೋದ ತಿಂಗಳು ಹಳೆಯ ದಿನಚರಿಯನ್ನು ತೆಗೆದು ನೋಡಿದಾಗ ಗೊತ್ತಾಯಿತು. ಆದ್ದರಿಂದ ಈಗ ಆ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಆ ದಿನಕ್ಕೆ ಇರುವುದು ಒಂಬತ್ತೇ ಸಾಲು. ಉಳಿದದ್ದನ್ನು ನೆನಪಿನಿಂದಲೇ ತುಂಬಬೇಕು. ಎರಡೂ ಜಗಳವಾಡುವ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ನಮ್ಮದು ಕೋಲಾರದ ಒಂದು ಪದವಿ ಕಾಲೇಜಿನ ವಿಭಾಗ. ಬಾಗಿಲ ಮೇಲಿನ ಹಲಗೆಯಲ್ಲಿ 'ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ' ಎಂದಿದೆ. 'ಮತ್ತು' ಎಂಬಲ್ಲಿಂದ ಮುಂದಿನದು ಆಮೇಲೆ ಸೇರಿದ್ದು. ಬಣ್ಣ ನೋಡಿದರೇ ತಿಳಿಯುತ್ತದೆ. ಆಗ ವಿಭಾಗದಲ್ಲಿ ನಾವು ನಾಲ್ಕೇ ಜನ.

ಮುಖ್ಯಸ್ಥರು ಮುಳಬಾಗಿಲಿನವರು. ಹಿಂದೆ ಶಾನುಭೋಗಿಕೆ ಮಾಡಿದ ಮನೆತನ. ಅವರಿಗೆ ಯಾವ ಸಂಖ್ಯೆಯನ್ನೂ ಒಂಟಿಯಾಗಿ ಬಿಡಲು ಮನಸ್ಸಾಗುತ್ತಿರಲಿಲ್ಲ. "ಸಾರ್, ಹತ್ತು ನಿಮಿಷದಲ್ಲಿ ಬರ್ತೀನಿ" ಎಂದರೆ, ತಲೆ ಎತ್ತದೆಯೇ "ಪ್ಲಸ್ ಆರ್ ಮೈನಸ್ ಎಷ್ಟು?" ಎನ್ನುತ್ತಿದ್ದರು. ಅವರ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಬರುತ್ತಾರೆಂದು ಕೇಳಿದರೆ ಅವರ ಹೆಂಡತಿಯೂ "ಆರು ಜನ, ಹೆಚ್ಚುಕಮ್ಮಿ ಒಬ್ಬರು" ಎನ್ನುತ್ತಾರಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ.

ಎರಡನೆಯವರು ಪ್ರಯೋಗಾಲಯದ ಅಟೆಂಡರ್. ನಾವೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದೆವು. ಮುಖ್ಯಸ್ಥರೂ ಹಾಗೇ ಕರೆಯುತ್ತಿದ್ದರು. ಕೋಲಾರದ ಹಳೇ ಪೇಟೆಯಲ್ಲಿ ಅವರ ತಂದೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಅಜ್ಜನೂ ಅದೇ ಕೆಲಸದಲ್ಲಿದ್ದವರು. ಸಣ್ಣ ತಿರುಪುಗಳ ಮೇಲಿನ ಪ್ರೀತಿ ರಕ್ತದಲ್ಲೇ ಬಂದದ್ದು. ಅವರ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಪುಟ್ಟ ಸ್ಕ್ರೂಡ್ರೈವರ್.

ಮೂರನೆಯವರು ಶ್ರೀನಿವಾಸಪುರದ ಕಡೆಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದ ಅತಿಥಿ ಉಪನ್ಯಾಸಕಿ, ನಮಗೆಲ್ಲ ಮೇಡಂ. ಅತಿಥಿ ಎಂದರೆ ಇಷ್ಟೇ: ಪಾಠ ಹೇಳಲು ಗಂಟೆಗಳಿದ್ದರೆ ಕೆಲಸವಿದೆ, ಇಲ್ಲದಿದ್ದರೆ ಇಲ್ಲ. ಖಗೋಳಶಾಸ್ತ್ರದ ಐಚ್ಛಿಕ ಪತ್ರಿಕೆಯನ್ನು ವಿಭಾಗಕ್ಕೆ ತಂದದ್ದು ಅವರೇ, ಹಲಗೆಗೆ ಬಣ್ಣ ಹೊಡೆಸಿದ್ದೂ ಅವರೇ. ಮನೆಮಾತು ತೆಲುಗು, ಪಾಠ ಅಚ್ಚುಕಟ್ಟಾದ ಕನ್ನಡದಲ್ಲಿ, ಆಶ್ಚರ್ಯ, ಸಿಟ್ಟು, ಭಯ ಮೂರೂ ತೆಲುಗಿನಲ್ಲಿ.

ನಾಲ್ಕನೆಯವನು ನಾನು. ಮಾಲೂರಿನಿಂದ ಬಂದು ಹೋಗುವವನು. ನನ್ನ ಬಗ್ಗೆ ನಾನೇ ಹೇಳಿದರೆ ಅದನ್ನೂ ಪ್ಲಸ್ ಆರ್ ಮೈನಸ್ ಹಾಕಿಕೊಂಡೇ ಓದಬೇಕು.

ನಮ್ಮ ವಿಭಾಗಕ್ಕೆ ಒಂದು ಪದ್ಧತಿಯಿತ್ತು, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಯಾವ ಉಪಕರಣವೂ ಹುಟ್ಟಿನಿಂದ ಪರಿಶುದ್ಧವಲ್ಲ. ಸ್ಕ್ರೂಗೇಜಿನ ಬಾಯಿಯನ್ನು ಪೂರ್ತಿ ಮುಚ್ಚಿದರೂ ಅದು ಸೊನ್ನೆ ತೋರಿಸದೆ ಎರಡೋ ಮೂರೋ ಗೆರೆ ಆಚೆ ತೋರಿಸಬಹುದು. ಅದಕ್ಕೆ ಜೀರೋ ಎರರ್ ಎನ್ನುತ್ತೇವೆ. ಅಳತೆ ತೆಗೆದ ಮೇಲೆ ಅಷ್ಟನ್ನು ಕಳೆಯಬೇಕು ಅಥವಾ ಕೂಡಿಸಬೇಕು. ಭಾಯ್ ಪ್ರತಿ ಉಪಕರಣದ ತಪ್ಪನ್ನೂ ಕಂಡುಹಿಡಿದು ಚೀಟಿಯಲ್ಲಿ ಬರೆದು ದಾರದಿಂದ ಅದರ ಕೊರಳಿಗೆ ಕಟ್ಟುತ್ತಿದ್ದರು. ಚೀಟಿಗಳೆಲ್ಲ ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಿದವು. ಆ ರಟ್ಟು ಗಟ್ಟಿ, ಬೇಗ ಹರಿಯುವುದಿಲ್ಲ. ಹೀಗಾಗಿ ಸ್ಪೆಕ್ಟ್ರೋಮೀಟರಿನ ಚೀಟಿಯ ಒಂದು ಬದಿಯಲ್ಲಿ 'ಎಡಗಡೆ ವರ್ನಿಯರ್ ನಂಬಬೇಡಿ' ಎಂದೂ, ತಿರುಗಿಸಿದರೆ ಚಿನ್ನದ ಅಕ್ಷರದಲ್ಲಿ 'ನಿಮ್ಮ ಆಗಮನಾಭಿಲಾಷಿಗಳು' ಎಂದೂ ಇರುತ್ತಿತ್ತು.

ವರ್ಷಾನುಗಟ್ಟಲೆ ಹೀಗೆ ತಿದ್ದಿ ತಿದ್ದಿ ನಮಗೆ ಚೀಟಿ ನೋಡುವ ಅಗತ್ಯವೇ ಇರಲಿಲ್ಲ. ಯಾವುದಕ್ಕೆ ಎಷ್ಟು ಕಳೆಯಬೇಕು, ಯಾವುದನ್ನು ಎಷ್ಟು ತಿರುಗಿಸಬೇಕು ಎಂಬುದು ಕೈಗೇ ಗೊತ್ತಿತ್ತು.

ಆ ವರ್ಷ ಪ್ರಾಂಶುಪಾಲರು ಒಂದು ಮಾತು ಹೇಳಿದರು. ಖಗೋಳಶಾಸ್ತ್ರ ಆರಿಸಿಕೊಳ್ಳುವವರು ಇಪ್ಪತ್ತು ಜನ ಇದ್ದರೆ ಮಾತ್ರ ಪತ್ರಿಕೆ ನಡೆಯುತ್ತದೆ. ಇಲ್ಲದಿದ್ದರೆ ಆ ಗಂಟೆಗಳು ಕಂಪ್ಯೂಟರ್ ವಿಭಾಗಕ್ಕೆ. ಶನಿವಾರ ಸಂಜೆ ಪಟ್ಟಿ ಕಚೇರಿಗೆ ಹೋಗಬೇಕು. ಸೋಮವಾರ ನೋಡಿದಾಗ ಪಟ್ಟಿಯಲ್ಲಿ ಹದಿಮೂರು ಸಹಿಗಳಿದ್ದವು. ಪತ್ರಿಕೆ ಹೋದರೆ ಗಂಟೆ ಹೋಗುತ್ತದೆ, ಗಂಟೆ ಹೋದರೆ ಮೇಡಂ ಹೋಗುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಭಾಯ್ ಮಾತ್ರ ಮೇಡಂ ಟೇಬಲ್ಲಿನ ಅಲುಗಾಡುವ ಕಾಲಿಗೆ ರಟ್ಟು ಕೊಟ್ಟು ಸರಿಮಾಡಿದರು. ಎರಡು ವರ್ಷದಿಂದ ಅಲುಗಾಡುತ್ತಿದ್ದ ಕಾಲು ಅದು.

"ಇನ್ನೇಳು ಜನ ಎಲ್ಲಿಂದ ತರೋದು ಸಾರ್?" ಎಂದರು ಮೇಡಂ.

"ಆಕಾಶದಿಂದ" ಎಂದರು ಮುಖ್ಯಸ್ಥರು. ಅವರು ತಮಾಷೆಗೆ ಹೇಳಿದ್ದೋ, ಗುರುವಾರದ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದೋ ಗೊತ್ತಿಲ್ಲ. ಆದರೆ ಮೇಡಂ ಥಟ್ಟನೆ ತಿರುಗಿ ಗೋಡೆಯ ಕ್ಯಾಲೆಂಡರ್ ನೋಡಿದರು. ಆ ಗುರುವಾರ ನಮ್ಮ ಊರಿಗೆ ನೆರಳಿಲ್ಲದ ದಿನ.

ನಮ್ಮ ಸೀಮೆಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಂತ ಯಾವುದಕ್ಕೂ ಪಕ್ಕದಲ್ಲಿ ನೆರಳು ಬೀಳುವುದಿಲ್ಲ. ಅದು ಬುಡದಲ್ಲೇ ಅಡಗಿಬಿಡುತ್ತದೆ. ಒಂದು ಸಲ ಏಪ್ರಿಲ್‌ನಲ್ಲಿ ಆಗುತ್ತದೆ, ಆಗ ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ. ಇನ್ನೊಂದು ಸಲ ಆಗಸ್ಟ್‌ನಲ್ಲಿ, ಆಗ ಮೋಡ. ಮೋಡ ಬಂದರೂ ಬರಲಿ, ಕಾಲೇಜಿನ ಅಂಗಳದಲ್ಲಿ ಕಂಬ ನಿಲ್ಲಿಸಿ ಎಲ್ಲರಿಗೂ ತೋರಿಸೋಣ, ನೋಡಿದ ಮೇಲೆ ಒಂದಷ್ಟು ಮಂದಿಯಾದರೂ ಸಹಿ ಹಾಕುತ್ತಾರೆ ಎಂದು ಮೇಡಂ ನಿಶ್ಚಯಿಸಿದರು.

ಕಂಬ ಎಂದರೆ ಎರಡು ಮೀಟರ್ ಉದ್ದದ ತೆಳ್ಳನೆಯ ಕಬ್ಬಿಣದ ಕೊಳವೆ. ಅದನ್ನು ನಿಲ್ಲಿಸುವ ಸ್ಟ್ಯಾಂಡನ್ನು ಹಿಂದೆ ಯಾವಾಗಲೋ ಊರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದೆವು. ಕೆಳಗೆ ಮೂರು ತಿರುಪು. ತಿರುಗಿಸಿದರೆ ಆ ಮೂಲೆ ಏಳುತ್ತದೆ, ಇಳಿಯುತ್ತದೆ. ರಸಮಟ್ಟ ಇಟ್ಟು ಗುಳ್ಳೆ ನಡುವೆ ಬರುವವರೆಗೆ ತಿರುಗಿಸಿದರೆ ಸ್ಟ್ಯಾಂಡ್ ಸಮವಾಗುತ್ತದೆ. ಆದರೆ ಕೊಳವೆ ಕೂರುವ ತೂತು ಒಂದಿಷ್ಟು ಓರೆಯಾಗಿ ಬೆಸುಗೆಯಾಗಿತ್ತು. ಅದಕ್ಕೂ ಭಾಯ್ ಚೀಟಿ ಇತ್ತು: 'ಮಟ್ಟ ನೋಡಿದ ಮೇಲೆ ಉತ್ತರದ ತಿರುಪು ಒಂದು ಸುತ್ತು ಬಿಗಿ. ಒಂದು ಸುತ್ತು ತಿರುಗಿಸಿದರೆ ಕಂಬದ ತುದಿ ಒಂದೂವರೆ ಸೆಂಟಿಮೀಟರ್ ಜರುಗುತ್ತದೆ.' ಚೀಟಿಯ ಹಿಂಬದಿಯಲ್ಲಿ ಯಾವುದೋ ಜೋಡಿಯ ಆರತಕ್ಷತೆಯ ವೇಳೆ.

ಗುರುವಾರ ಮೇಡಂ ಏಳೂವರೆಗೇ ಬಂದು ಅಂಗಳದ ನಡುವೆ ಸ್ಟ್ಯಾಂಡ್ ಇಟ್ಟು, ಮಟ್ಟ ನೋಡಿ, ಕಂಬ ನಿಲ್ಲಿಸಿ ತರಗತಿಗೆ ಹೋಗಿದ್ದರು. ನಾನು ಬಂದಾಗ ಒಂಬತ್ತು ದಾಟಿತ್ತು. ಆಕಾಶದ ತುಂಬ ಹತ್ತಿಯುಂಡೆಗಳಂಥ ಮೋಡ. ಮಧ್ಯೆ ಮಧ್ಯೆ ಬಿಸಿಲು. ಮೇಡಂ ತರಗತಿಯಿಂದ ಬಂದು ಕುರ್ಚಿಯಲ್ಲಿ ಕೂತವರು ಎದ್ದರು, ಕಿಟಕಿಗೆ ಹೋದರು, ಮತ್ತೆ ಕೂತರು.

"ರಾತ್ರಿ ನಿದ್ದೆ ಬಂತಾ ಮೇಡಂ?" ಎಂದೆ.

"ಎಲ್ಲಿ ಸಾರ್. ಕಣ್ಣು ಮುಚ್ಚಿದ್ರೆ ಮೋಡ, ಬಿಟ್ರೆ ಪ್ರಿನ್ಸಿಪಾಲ್ರು."

ಆಗ ನನಗೆ ಆ ಯೋಚನೆ ಬಂತು. ನಿದ್ದೆಗೆಟ್ಟವರು, ಆತಂಕದಲ್ಲಿರುವವರು, ಉತ್ತರದ ತಿರುಪಿನ ಆ ಒಂದು ಸುತ್ತು ಮರೆತಿದ್ದರೆ? ಕೇಳಬಹುದಿತ್ತು. ಆದರೆ ಅಂಥ ದಿನ 'ಆ ಸುತ್ತು ತಿರುಗಿಸಿದಿರಾ' ಎಂದು ಕೇಳುವುದೆಂದರೆ ಅವರ ಮೇಲೆ ನಂಬಿಕೆ ಇಲ್ಲ ಎಂದು ಹೇಳಿದ ಹಾಗೆ. ಹನ್ನೊಂದೂವರೆಗೆ ಅಂಗಳದಲ್ಲಿ ಯಾರೂ ಇಲ್ಲದಾಗ ಹೋಗಿ, ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿ, ಉತ್ತರದ ತಿರುಪನ್ನು ಒಂದು ಸುತ್ತು ಬಿಗಿ ಮಾಡಿ ಬಂದೆ. ಮನಸ್ಸಿಗೆ ಬಹಳ ಹಿತವಾಯಿತು. ಯಾರಿಗೂ ಗೊತ್ತಾಗದ ಹಾಗೆ ಒಬ್ಬರಿಗೆ ಒಳ್ಳೆಯದು ಮಾಡಿದ ಹಿತ.

ಕಂಬದ ತುದಿಯಿಂದ ಒಂದು ದಾರ ಇಳಿಬಿಟ್ಟು ಅದಕ್ಕೆ ಗುಂಡು ಕಟ್ಟಿದ್ದರೆ ನೆಟ್ಟಗಿದೆಯೋ ಓರೆಯಿದೆಯೋ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಗೋಡೆ ಕಟ್ಟುವ ಗಾರೆಯವರು ದಿನವೂ ಮಾಡುವ ಕೆಲಸ. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಮೂವರು ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ನಮಗೆ ಚೀಟಿ ಇತ್ತಲ್ಲ.

ಹನ್ನೆರಡರ ಹೊತ್ತಿಗೆ ಅಂಗಳ ತುಂಬಿತು. ದಿನಚರಿಯಲ್ಲಿ 'ಸುಮಾರು ಅರವತ್ತು' ಎಂದಿದೆ. ನಾನು ಹೇಳುವಾಗ ಇನ್ನೂರು ಎನ್ನುತ್ತ ಬಂದಿದ್ದೇನೆ. ಪ್ರಾಂಶುಪಾಲರು ಕೊಡೆ ಹಿಡಿದು ಬಂದರು. "ಸಾರ್, ಸ್ವಲ್ಪ ಆ ಕಡೆ, ನಿಮ್ಮ ಕೊಡೆ ನೆರಳು ಬೀಳ್ತಿದೆ" ಎಂದು ಮುಖ್ಯಸ್ಥರು ಅವರನ್ನು ಹಿಂದಕ್ಕೆ ಸರಿಸಿದರು. ಭಾಯ್ ಕಂಬದ ಸುತ್ತ ಸುಣ್ಣದಲ್ಲಿ ಒಂದು ವೃತ್ತ ಎಳೆದಿದ್ದರು.

"ಹನ್ನೆರಡು ಗಂಟೆಗೆ ತಾನೆ ಮೇಡಂ ಸೂರ್ಯ ನೆತ್ತಿಗೆ ಬರೋದು? ಆಗ್ಲೇ ಹನ್ನೆರಡು ಹತ್ತು ಆಯ್ತು" ಎಂದಳು ಮುಂದೆ ನಿಂತಿದ್ದ ಒಬ್ಬ ಹುಡುಗಿ. ತಾಯಲೂರಿನವಳು. ತರಗತಿಯಲ್ಲಿ ಎಲ್ಲದಕ್ಕೂ ಒಂದು ಕೊಂಕು ತೆಗೆಯುವವಳೆಂದು ಹೆಸರಾದವಳು. ಪಟ್ಟಿಯಲ್ಲಿ ಅವಳ ಸಹಿ ಇರಲಿಲ್ಲ.

"ಹನ್ನೆರಡು ಗಂಟೆ ಅನ್ನೋದು ಇಡೀ ದೇಶಕ್ಕೆ ಒಂದೇ ಗಡಿಯಾರ ಇಟ್ಕೊಂಡಿರೋದ್ರಿಂದ ಬಂದದ್ದು. ಕೋಲಾರದ ನಡುಮಧ್ಯಾಹ್ನ ಇವತ್ತು ಹನ್ನೆರಡು ಇಪ್ಪತ್ತೊಂದಕ್ಕೆ" ಎಂದರು ಮೇಡಂ.

"ಪ್ಲಸ್ ಆರ್ ಮೈನಸ್ ಅರ್ಧ ನಿಮಿಷ" ಎಂದು ಮುಖ್ಯಸ್ಥರು ಸೇರಿಸಿದರು.

ಹನ್ನೆರಡು ಹದಿನೈದಕ್ಕೆ ಒಂದು ದೊಡ್ಡ ಮೋಡ ಬಂದು ಸೂರ್ಯನನ್ನು ಮುಚ್ಚಿತು. ಹಿಂದಿನಿಂದ ಒಬ್ಬ "ಲೇ, ಸೂರ್ಯನೇ ಆಬ್ಸೆಂಟ್ ಕಣೋ, ಅಟೆಂಡೆನ್ಸ್ ಹಾಕ್ಬೇಡ್ರೋ" ಎಂದ. ಮೇಡಂ ನಗಲಿಲ್ಲ. ಅವರ ಕೈಯಲ್ಲಿ ಪಟ್ಟಿಯ ಕಾಗದವಿತ್ತು, ಅದನ್ನು ಸುರುಳಿ ಸುತ್ತುತ್ತ ಬಿಚ್ಚುತ್ತ ಇದ್ದರು. ಭಾಯ್ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಹತ್ತೊಂಬತ್ತಕ್ಕೆ ಮೋಡದ ಅಂಚು ಬೆಳಗಿತು. ಇಪ್ಪತ್ತಕ್ಕೆ ಬಿಸಿಲು ಅಂಗಳದ ಮೇಲೆ ಸುರಿದ ಹಾಗೆ ಬಿತ್ತು. ಎಲ್ಲರೂ ಹೋ ಎಂದರು. ಎಲ್ಲರ ಕಣ್ಣೂ ಕಂಬದ ಬುಡಕ್ಕೆ ಹೋಯಿತು.

ಕಂಬದ ಬುಡದಲ್ಲಿ ನೆರಳಿತ್ತು.

ದಕ್ಷಿಣದ ಕಡೆಗೆ, ಬೆರಳುದ್ದದ, ಕಪ್ಪಾದ, ಸ್ಪಷ್ಟವಾದ ನೆರಳು. ಇಪ್ಪತ್ತೊಂದಾಯಿತು. ಅದು ಇದ್ದಲ್ಲೇ ಇತ್ತು.

"ಅಮ್ಮೋ! ಇದೇಮಿ ಸಾರ್?" ಎಂದರು ಮೇಡಂ, ನಮ್ಮ ಮೂವರಿಗೆ ಮಾತ್ರ ಕೇಳುವ ಹಾಗೆ. ಪ್ರಾಂಶುಪಾಲರು ಕೊಡೆಯಡಿಯಿಂದ ಬಗ್ಗಿ ನೋಡಿ, "ಇದೆಯಲ್ಲಮ್ಮ ನೆರಳು?" ಎಂದರು. ಹಿಂದಿನ ಸಾಲಿನಲ್ಲಿ ಕಿಸಕ್ ಎಂದ ಸದ್ದು. ಏನಾಗಿರಬಹುದೆಂದು ನನಗೆ ಆ ಕ್ಷಣವೇ ಹೊಳೆಯಿತೆಂದು ನಾನು ಹೇಳುತ್ತಿರುತ್ತೇನೆ. ದಿನಚರಿಯಲ್ಲಿ ಹಾಗೇನೂ ಇಲ್ಲ.

ಭಾಯ್ ತಮ್ಮ ಕೈಯಲ್ಲಿದ್ದ ಚಹಾದ ಸ್ಟೀಲ್ ಲೋಟವನ್ನು ಖಾಲಿ ಮಾಡಿ ನೆಲದ ಮೇಲೆ ಬೋರಲು ಹಾಕಿದರು. ಅದರ ಸುತ್ತ ನೆರಳಿರಲಿಲ್ಲ. ತಾಯಲೂರಿನ ಹುಡುಗಿ ಅದನ್ನು ನೋಡಿದಳು. ತನ್ನ ಚೀಲದಿಂದ ಊಟದ ಕ್ಯಾರಿಯರ್ ತೆಗೆದು ಪಕ್ಕದಲ್ಲಿಟ್ಟಳು. ಅದಕ್ಕೂ ನೆರಳಿಲ್ಲ. ಇನ್ನೊಬ್ಬ ನೀರಿನ ಬಾಟಲಿ ಇಟ್ಟ. ಮತ್ತೊಬ್ಬಳು ಪೆನ್ಸಿಲ್ ಡಬ್ಬಿ ನಿಲ್ಲಿಸಿದಳು. ಅಂಗಳದ ತುಂಬ ಸಾಮಾನುಗಳು, ಯಾವುದಕ್ಕೂ ನೆರಳಿಲ್ಲ.

"ಮೇಡಂ, ಬೇರೆ ಯಾವ್ದಕ್ಕೂ ಇಲ್ಲ. ನಿಮ್ಮ ಕಂಬಕ್ಕೆ ಮಾತ್ರ ಇದೆ" ಎಂದಳು ಹುಡುಗಿ. "ಏನ್ ಮೇಡಂ, ಇದರ ನೆರಳಿಗೆ ಮಾತ್ರ ರಜಾ ಇಲ್ವಾ?"

ಎಲ್ಲರೂ ನಕ್ಕರು. ಮೇಡಂ ಏನು ಮಾಡುತ್ತಾರೆಂದು ನಾನು ನೋಡುತ್ತಿದ್ದೆ. ಈ ಭಾಗ ನನಗೆ ಚೆನ್ನಾಗಿ ನೆನಪಿದೆ, ದಿನಚರಿಯಲ್ಲೂ ಇದೆ. ಅವರು ಪಟ್ಟಿಯನ್ನು ಮಡಿಸಿ ಬ್ಯಾಗಿಗೆ ಹಾಕಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ ಕೂತರು.

"ಬಿಸಿಲು ಸುಳ್ಳು ಹೇಳ್ತಿಲ್ಲ. ಕಂಬ ಓರೆ ನಿಂತಿದೆ. ಎಷ್ಟು ಓರೆ ಅಂತ ನೆರಳೇ ಹೇಳತ್ತೆ. ಸ್ಕೇಲ್ ಇದೆಯಾ ಯಾರ ಹತ್ರ? ಬೇಗ, ಸೂರ್ಯ ಕಾಯಲ್ಲ."

ಹುಡುಗಿ ಸ್ಕೇಲ್ ಹಿಡಿದು ಎದುರಿಗೆ ಕೂತಳು. ಭಾಯ್ ಸುಣ್ಣದಲ್ಲಿ ನೆರಳಿನ ತುದಿಗೆ ಗೆರೆ ಹಾಕಿದರು. ಅಷ್ಟರಲ್ಲೇ ನೆರಳು ಕೂದಲೆಳೆಯಷ್ಟು ಪೂರ್ವಕ್ಕೆ ಜರುಗಿತ್ತು.

"ನಾಲ್ಕೂವರೆ ಸೆಂಟಿಮೀಟರ್ ಮೇಡಂ."

"ಪ್ಲಸ್ ಆರ್ ಮೈನಸ್?" ಎಂದರು ಮುಖ್ಯಸ್ಥರು. ಅವರಿಗೆ ತಡೆಯಲಾಗಲಿಲ್ಲ.

"ಎರಡು ಮಿಲಿಮೀಟರ್ ಸಾರ್, ಅಂಚು ಮಬ್ಬು ಮಬ್ಬಾಗಿದೆ" ಎಂದಳು ಅವಳು ಗಂಭೀರವಾಗಿ. ಮುಖ್ಯಸ್ಥರು ಅವಳನ್ನು ಮೊದಲ ಬಾರಿಗೆ ನೋಡುವವರಂತೆ ನೋಡಿದರು.

ಮೇಡಂ ಸ್ಟ್ಯಾಂಡಿನ ಚೀಟಿಯನ್ನು ಬೆರಳಲ್ಲಿ ಎತ್ತಿ ಹಿಡಿದರು. "ಇಲ್ಲಿ ಓದಿ. ಉತ್ತರದ ತಿರುಪಿನ ಒಂದು ಸುತ್ತಿಗೆ ತುದಿ ಎಷ್ಟು ಜರುಗತ್ತೆ?"

"ಒಂದೂವರೆ. ಹಾಗಾದ್ರೆ…" ಹುಡುಗಿ ಬೆರಳು ಮಡಿಸಿದಳು. "ಮೂರು ಸುತ್ತು ಜಾಸ್ತಿ ಆಗಿದೆ ಮೇಡಂ."

"ನಾನು ಬೇಕಾದ ಒಂದು ಸುತ್ತನ್ನ ಬೆಳಗ್ಗೆ ಏಳೂ ಮುಕ್ಕಾಲಿಗೇ ತಿರುಗಿಸಿದ್ದೆ" ಎಂದರು ಮೇಡಂ ನಿಧಾನವಾಗಿ. "ಒಂದೇ ಒಂದು. ಇನ್ನು ಮೂರು ಸುತ್ತು ಎಲ್ಲಿಂದ ಬಂತು?"

ಅರವತ್ತು ಜನ ತಿರುಪನ್ನೇ ನೋಡುತ್ತಿದ್ದರು.

ಈಗ ನನ್ನ ಕಷ್ಟ ಶುರುವಾಗುತ್ತದೆ. ನಾನು ಜನರಿಗೆ ಹೇಳುವ ಕತೆಯಲ್ಲಿ, ಈ ಗಳಿಗೆಯಲ್ಲಿ ನಾನು ಮುಂದೆ ಬಂದು "ಒಂದು ನಂದು ಮೇಡಂ" ಎನ್ನುತ್ತೇನೆ. ಅದನ್ನು ಕೇಳಿ ಧೈರ್ಯ ಬಂದು ಉಳಿದಿಬ್ಬರೂ ಒಪ್ಪಿಕೊಳ್ಳುತ್ತಾರೆ. ಹಾಗೆ ಹೇಳುವಾಗ ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ನಾನಿಟ್ಟ ಹೆಜ್ಜೆ, ಕಾಲಡಿಯ ಸುಣ್ಣ. ದಿನಚರಿಯ ಏಳನೆಯ ಸಾಲು ಹೀಗಿದೆ: 'ಮೊದಲು ಭಾಯ್. ಆಮೇಲೆ ಸಾರ್. ನಾನು ಕಡೆಗೆ. ಅದೂ ಲೆಕ್ಕ ಬಿಡಲಿಲ್ಲ ಅಂತ.'

ಅಕ್ಷರ ನನ್ನದೇ. ಆದ್ದರಿಂದ ನಡೆದದ್ದು ಹೀಗಿರಬೇಕು.

ಭಾಯ್ ಟೋಪಿ ತೆಗೆದು ತಲೆ ಸವರಿಕೊಂಡರು. "ಒಂದು ಚಕ್ಕರ್ ನಂದು ಮೇಡಂ. ಎಂಟು ಗಂಟೆಗೆ. ನಿಮ್ಗೆ ಟೆನ್ಷನ್ ಜಾಸ್ತಿ ಇತ್ತಲ್ಲ, ಮರ್ತಿರ್ತೀರಾ ಅಂತ ಜರಾ ತಿರುಗಿಸ್ಬಿಟ್ಟೆ."

"ಅಯ್ಯೋ ಭಾಯ್!"

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. "ಒಂದು ನಂದೂ ಇದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ." ಸ್ವಲ್ಪ ತಡೆದು, "ನಿಖರವಾಗಿ ಒಂದು ಸುತ್ತು" ಎಂದರು.

"ಪ್ಲಸ್ ಆರ್ ಮೈನಸ್ ಸಾರ್?" ಎಂದು ಗುಂಪಿನೊಳಗಿಂದ ಯಾರೋ ಕೂಗಿದರು. ಎಷ್ಟು ವರ್ಷದಿಂದ ಆ ಮಾತಿಗೆ ಕಾಯುತ್ತಿದ್ದರೋ ಏನೋ, ಇಡೀ ಅಂಗಳ ಸಿಡಿದು ನಕ್ಕಿತು. ಮುಖ್ಯಸ್ಥರೂ ನಕ್ಕರು. ಪ್ರಾಂಶುಪಾಲರ ಕೊಡೆ ಅಲುಗಾಡಿತು.

ನಗು ನಿಂತಿತು. ಹುಡುಗಿ ಮಾತ್ರ ನಕ್ಕಿರಲಿಲ್ಲ. ಮಡಿಸಿದ ಬೆರಳುಗಳನ್ನು ಹಾಗೇ ಇಟ್ಟುಕೊಂಡು ಕೂತಿದ್ದಳು.

"ಎರಡು ಸಿಕ್ತು. ಮೂರನೇದು ಯಾರ್ದು?"

ನಾನು ಆಕಾಶ ನೋಡಿದೆನೋ ನೆಲ ನೋಡಿದೆನೋ ನೆನಪಿಲ್ಲ. ಬಹುಶಃ ಸುಮ್ಮನಿದ್ದುಬಿಟ್ಟರೆ ಹೋಗುತ್ತದೆ ಎಂದುಕೊಂಡಿರಬೇಕು. ಅಳತೆಯಲ್ಲಿ ಎಲ್ಲೋ ತಪ್ಪಾಗಿರಬಹುದೆಂದು ಅವರೇ ಹೇಳಿಕೊಳ್ಳಲಿ ಎಂದು. ಯಾಕೆ ಹಾಗೆ ಅನ್ನಿಸಿತು? ತಿರುಗಿಸಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಗುಟ್ಟಾಗಿ ಮಾಡಿದ ಉಪಕಾರ ಬಯಲಾದಾಗ ಅದು ಅಪನಂಬಿಕೆಯ ಹಾಗೇ ಕಾಣುತ್ತದೆ. ಇದನ್ನೂ ಈಗ ಕೂತು ಯೋಚಿಸುತ್ತಿರುವುದು. ಆಗ ಇಷ್ಟೆಲ್ಲ ಯೋಚಿಸಿದ್ದೆನೆಂದು ಪ್ರಮಾಣ ಮಾಡಲಾರೆ.

"ಅಳತೆ ಸರಿಯಾಗಿದ್ಯೇನಮ್ಮ?" ಎಂದು ನಾನೇ ಕೇಳಿದೆನಂತೆ. ಇದು ಮೇಡಂ ಹೇಳುವುದು. ದಿನಚರಿಯಲ್ಲಿಲ್ಲ, ನನ್ನ ನೆನಪಿನಲ್ಲೂ ಇಲ್ಲ. ಇಲ್ಲದಿರುವುದರಿಂದಲೇ ನಿಜವಿರಬಹುದೆಂದು ನನಗೆ ಅನುಮಾನ.

"ಎರಡು ಮಿಲಿಮೀಟರ್ ತಪ್ಪಿರ್ಬಹುದು ಸಾರ್. ಒಂದೂವರೆ ಸೆಂಟಿಮೀಟರ್ ತಪ್ಪಲ್ಲ" ಎಂದಳು ಹುಡುಗಿ.

ಇನ್ನು ದಾರಿಯಿರಲಿಲ್ಲ. ನಾನು ಕೈ ಎತ್ತಿದೆ, ತರಗತಿಯಲ್ಲಿ ಹಾಜರಿ ಹೇಳುವ ವಿದ್ಯಾರ್ಥಿಯ ಹಾಗೆ. ಇದು ಮಾತ್ರ ಮೂವರೂ ಒಂದೇ ರೀತಿ ಹೇಳುತ್ತಾರೆ.

ಆಮೇಲಿನ ನಗುವಿನ ಬಗ್ಗೆ ಬರೆಯುವುದಿಲ್ಲ. ಮೇಡಂ ಮಂಡಿಯೂರಿದ್ದವರು ಹಾಗೇ ನೆಲಕ್ಕೆ ಕೂತುಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದು ನಗುವಿನದಷ್ಟೇ ನೀರು ಎಂದು ನಾನು ಆಗ ಅಂದುಕೊಂಡಿದ್ದೆ. "ಮೂರೂ ಜನ, ಒಬ್ಬರಿಗೊಬ್ಬರು ಹೇಳ್ದೇನೇ ಬಂದು…" ಎಂದು ಶುರುಮಾಡಿ ಮುಗಿಸಲಾರದೆ ಕೈಯಾಡಿಸಿದರು. ನಂತರ ಎದ್ದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಭಾಯ್ ಕೈಯಲ್ಲಿ ಒಂದು ದಾರವನ್ನೂ ತೂಕದ ಡಬ್ಬಿಯಿಂದ ಒಂದು ಹಿತ್ತಾಳೆ ತೂಕವನ್ನೂ ತರಿಸಿದರು. ಕಂಬದ ತುದಿಯಿಂದ ಇಳಿಬಿಟ್ಟರು. ತಿರುಪನ್ನು ಹಿಂದಕ್ಕೆ ಒಂದು, ಎರಡು, ಮೂರು ಸುತ್ತು ತಿರುಗಿಸಿದರು. ಪ್ರತಿ ಸುತ್ತಿಗೂ ಹುಡುಗರು ಜೋರಾಗಿ "ಭಾಯ್!", "ಎಚ್ಓಡಿ ಸಾರ್!" ಎಂದು ಕೂಗಿದರು, ಮೂರನೆಯದಕ್ಕೆ ನನ್ನ ಅಡ್ಡಹೆಸರನ್ನು. ಅದು ಅವರಿಗೆ ಗೊತ್ತಿದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ಕಂಬ ಕಡೆಗೆ ನೆಟ್ಟಗೆ ನಿಂತಾಗ ಹನ್ನೆರಡು ನಲವತ್ತು. ಆ ಹೊತ್ತಿಗೆ ಕಂಬಕ್ಕೂ ನೆರಳು, ಕ್ಯಾರಿಯರಿಗೂ ನೆರಳು, ಪ್ರಾಂಶುಪಾಲರಿಗೂ ನೆರಳು. ಎಲ್ಲವೂ ಪೂರ್ವದ ಕಡೆ ಇಣುಕುತ್ತಿದ್ದವು. ನೆರಳಿಲ್ಲದ ಕಂಬವನ್ನು ಆ ವರ್ಷ ಯಾರೂ ನೋಡಲಿಲ್ಲ.

ಪ್ರಾಂಶುಪಾಲರು ಹೋಗುತ್ತ ಮೇಡಂ ಹತ್ತಿರ ನಿಂತರು. "ನಾನು ಇತಿಹಾಸದವನಮ್ಮ. ನಮ್ಮಲ್ಲಿ ಯಾರು ತಿರುಪು ತಿರುಗಿಸಿದರು ಅಂತ ಇಷ್ಟು ಬೇಗ ಗೊತ್ತಾಗಲ್ಲ" ಎಂದರು. ಪಟ್ಟಿಯ ಬಗ್ಗೆ ಏನೂ ಹೇಳಲಿಲ್ಲ.

ತಾಯಲೂರಿನ ಹುಡುಗಿ ಕ್ಯಾರಿಯರನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. "ಮೇಡಂ, ನಿಮ್ಮ ಪೇಪರಲ್ಲಿ ಇದೇ ಥರ ಇರತ್ತಾ?"

"ಯಾವ ಥರ?"

"ಮೇಷ್ಟ್ರುಗಳ ತಪ್ಪನ್ನ ಅಳೆಯೋ ಥರ."

"ಸೂರ್ಯನದು, ಚಂದ್ರನದು ಅಳೀಬಹುದು. ನಡುವೆ ನಮ್ಮದೂ ಬರತ್ತೆ."

"ಪೆನ್ ಕೊಡಿ" ಎಂದಳು.

ಅವಳ ಹಿಂದೆ ಅಂಗಳದುದ್ದಕ್ಕೂ ಸಾಲು ನಿಂತಿತೆಂದು ನಾನು ಹೇಳುತ್ತೇನೆ. ಸಾಲು ನಿಂತದ್ದು ಭಾಯ್ ಚಹಾಕ್ಕೆ, ಪಟ್ಟಿಗಲ್ಲ ಎಂದು ಮೇಡಂ ತಿದ್ದುತ್ತಾರೆ. ಅಲ್ಲಿ ಸಹಿ ಹಾಕಿದವರು ನಾಲ್ಕೇ ಜನ. ಶುಕ್ರವಾರ ಇಡೀ ದಿನ ಒಬ್ಬರೂ ಬರಲಿಲ್ಲ, ಹದಿನೇಳಕ್ಕೆ ನಿಂತಿತ್ತು. ಶುಕ್ರವಾರ ಸಂಜೆ ಮೇಡಂ ತಮ್ಮ ಪುಸ್ತಕಗಳನ್ನು ಟೇಬಲ್ಲಿನಿಂದ ಚೀಲಕ್ಕೆ ತುಂಬಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ನೋಡಿಯೂ ನೋಡದವನ ಹಾಗೆ ಬಸ್ಸಿಗೆ ಹೋದೆ. ಶನಿವಾರ ಬೆಳಗ್ಗೆ ಹುಡುಗಿ ಹುತ್ತೂರಿನ ಬಸ್ಸಿನಲ್ಲಿ ಬರುವ ತನ್ನ ಗೆಳತಿಯರ ಗುಂಪನ್ನೇ ಎಳೆದುಕೊಂಡು ಬಂದಳು. "ಇವ್ರು ಮೊನ್ನೆ ಬಂದಿರ್ಲಿಲ್ಲ ಮೇಡಂ, ನೋಡಿಲ್ಲ. ನಾನು ಹೇಳಿದ್ದು ನಂಬ್ತಿಲ್ಲ. ಇಬ್ರು ಮೇಷ್ಟ್ರು, ಭಾಯ್, ಮೂರೂ ಜನ ನಿಜ್ವಾಗ್ಲೂ ಒಪ್ಕೊಂಡ್ರು ಅಂತ ನೀವೇ ಹೇಳಿ." ಮೇಡಂ ಹೇಳಿದರು. ಇನ್ನೊಮ್ಮೆ ಹೇಳಿದರು. ಭಾಯ್ ಅಭಿನಯಿಸಿ ತೋರಿಸಿದರು. ನನ್ನ ಚಪ್ಪಲಿ ಸರಿಮಾಡಿಕೊಳ್ಳುವ ಭಂಗಿ ಸಹಿತ. ಅಂದರೆ ಅವರು ಅವತ್ತು ಕಿಟಕಿಯಿಂದ ನನ್ನನ್ನು ನೋಡಿದ್ದರು.

"ನೋಡಿದ್ರೆ ಆಗ್ಲೇ ಯಾಕೆ ಹೇಳ್ಲಿಲ್ಲ ಭಾಯ್?" ಎಂದೆ.

"ಚಪ್ಪಲಿ ಅಂದ್ಕೊಂಡೆ ಸಾರ್. ನಿಮ್ ಮೇಲೆ ಭರೋಸಾ ಇತ್ತು."

ಸಂಜೆ ಪಟ್ಟಿ ಕಚೇರಿಗೆ ಹೋದಾಗ ಅದರಲ್ಲಿ ಇಪ್ಪತ್ತೆರಡು ಸಹಿಗಳಿದ್ದವು. ಮುಖ್ಯಸ್ಥರು ಎರಡು ಸಲ ಎಣಿಸಿದರು. ಪ್ಲಸ್ ಆರ್ ಮೈನಸ್ ಹೇಳಲಿಲ್ಲ. ಸೋಮವಾರ ಮೇಡಂ ಪುಸ್ತಕಗಳನ್ನು ಚೀಲದಿಂದ ಟೇಬಲ್ಲಿಗೆ ಒಂದೊಂದಾಗಿ ಎತ್ತಿಟ್ಟರು. ಟೇಬಲ್ ಅಲುಗಾಡಲಿಲ್ಲ.

ಆ ವಾರವೇ ಭಾಯ್ ಸ್ಟ್ಯಾ‍ಂಡಿಗೆ ಹೊಸ ಚೀಟಿ ಕಟ್ಟಿದರು. ಹಸಿರು ಬಣ್ಣದ, ದಪ್ಪ ರಟ್ಟಿನ, ಯಾವುದೋ ದೊಡ್ಡ ಮನೆಯ ಲಗ್ನಪತ್ರಿಕೆಯಿಂದ ಕತ್ತರಿಸಿದ್ದು. 'ಉತ್ತರದ ತಿರುಪು ಒಬ್ಬರೇ ತಿರುಗಿಸತಕ್ಕದ್ದು. ತಿರುಗಿಸಿದವರು ಕೆಳಗೆ ಸಹಿ ಹಾಕತಕ್ಕದ್ದು. ಗುಂಡು ಕಟ್ಟಿ ನೋಡತಕ್ಕದ್ದು.'

ಭಾಯ್ ಈಗ ನಿವೃತ್ತರಾಗಿದ್ದಾರೆ. ಮುಖ್ಯಸ್ಥರೂ. ಮೇಡಂ ಇನ್ನೂ ಅತಿಥಿಯೇ, ಪತ್ರಿಕೆ ಇನ್ನೂ ನಡೆಯುತ್ತಿದೆ. ಈ ಆಗಸ್ಟ್‌ನಲ್ಲೂ ಅಂಗಳದಲ್ಲಿ ಕಂಬ ನಿಂತಿತ್ತು. ಹನ್ನೊಂದೂವರೆಗೆ ನಾನು ಆ ಕಡೆ ಹೋದೆ. ಮೇಡಂ ಹಿಂದಿನ ರಾತ್ರಿ ಮಗಳಿಗೆ ಜ್ವರ ಎಂದು ನಿದ್ದೆಗೆಟ್ಟಿದ್ದರು, ಬೆಳಗ್ಗೆ ಪೆನ್ನನ್ನು ಎಲ್ಲೋ ಇಟ್ಟು ಎಲ್ಲೋ ಹುಡುಕುತ್ತಿದ್ದರು. ಬಗ್ಗಿ ಚೀಟಿ ನೋಡಿದೆ. ಅವರ ಸಹಿ ಇತ್ತು, ತಾರೀಖೂ ಇತ್ತು. ಆದರೂ ಕೈ ತಿರುಪಿನ ತನಕ ಹೋಯಿತು. ಹಳೆಯ ಸಹಿಯೇ ಇರಬಹುದೇನೋ ಎಂದು ತಾರೀಖನ್ನು ಇನ್ನೊಮ್ಮೆ ಓದಿದೆ. ಅವತ್ತಿನದೇ.

ಕೈಯನ್ನು ಜೇಬಿಗೆ ಹಾಕಿಕೊಂಡು, ದಾರ ಮತ್ತು ಹಿತ್ತಾಳೆ ತೂಕ ತರಲು ಪ್ರಯೋಗಾಲಯದ ಕಡೆ ನಡೆದೆ. ಬಾಗಿಲಲ್ಲಿ ಮೇಡಂ ಅವೆರಡನ್ನೂ ಹಿಡಿದು ನಿಂತಿದ್ದರು.

"ಬನ್ನಿ ಸಾರ್" ಎಂದರು. "ನಿಮಗೋಸ್ಕರಾನೇ ಕಾಯ್ತಿದ್ದೆ. ಒಟ್ಟಿಗೇ ನೋಡೋಣ."